ಪದಚರ್ಚೆ: ಮರ್ರೇ ಸ್ಟ್ರಾಸ್ ಎಣಿಸಿದ್ದು ಹಿಂಸೆಯೋ, ದೌರ್ಜನ್ಯವೋ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸಮಾಜಶಾಸ್ತ್ರಜ್ಞ ಮರ್ರೇ ಸ್ಟ್ರಾಸ್ (1926–2016) ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅವರ ಮುಖ್ಯ ವಿಷಯವಾದ ‘ಫ್ಯಾಮಿಲಿ ವಯಲೆನ್ಸ್’ ಹತ್ತಿರವೇ ಪೆನ್ನು ನಿಂತಿದೆ. ಕೌಟುಂಬಿಕ ಹಿಂಸೆ ಅನ್ನೋಣವೇ, ಕೌಟುಂಬಿಕ ದೌರ್ಜನ್ಯ ಅನ್ನೋಣವೇ?

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ ನಮ್ಮಲ್ಲಿ ಬಂದಮೇಲೆ ಪತ್ರಿಕೆ, ಕೋರ್ಟು ಎಲ್ಲ ಕಡೆ ‘ಕೌಟುಂಬಿಕ ದೌರ್ಜನ್ಯ’ವೇ ಬಳಕೆಯಲ್ಲಿದೆ. ಆದರೆ ದೌರ್ಜನ್ಯ ಅಂದ ಕೂಡಲೇ ಕೈ ಮೇಲಾದವರು ಒಬ್ಬರು, ಕೈಗೆ ಸಿಕ್ಕಿಬಿದ್ದವರು ಒಬ್ಬರು ಅನ್ನೋ ಅರ್ಥ ಬಂದುಬಿಡುತ್ತದೆ, ಅಲ್ವಾ? ಗಂಡ ಹೆಂಡತಿ ಇಬ್ಬರೂ ಕೈ ಮಾಡಿದರೆ ಅದನ್ನು ಹೊಡೆದಾಟ ಅನ್ನುತ್ತೇವೆ.

ಸ್ಟ್ರಾಸ್ ಸುತ್ತ ಎದ್ದ ವಿವಾದವೂ ಇದೇ. 1968ರಿಂದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿದ್ದ ಅವರು, ರಿಚರ್ಡ್ ಗೆಲ್ಸ್ ಮತ್ತು ಸುಝಾನ್ ಸ್ಟೈನ್‌ಮೆಟ್ಜ್ ಜೊತೆ ಸೇರಿ 1975ರಲ್ಲಿ 2,143 ಕುಟುಂಬಗಳ ಸಮೀಕ್ಷೆ ಮಾಡಿದರು. ಅದಕ್ಕೆ ಬಳಸಿದ್ದು ‘ಕಾನ್‌ಫ್ಲಿಕ್ಟ್ ಟ್ಯಾಕ್ಟಿಕ್ಸ್ ಸ್ಕೇಲ್ಸ್’ ಅನ್ನೋ ಪ್ರಶ್ನಾವಳಿ. ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಸಾಮಾನು ಎಸೆದಿರಿ, ಎಷ್ಟು ಸಲ ತಳ್ಳಿದಿರಿ, ಕಪಾಳಕ್ಕೆ ಹೊಡೆದಿರಿ, ಒದ್ದಿರಿ, ಚಾಕು ತೋರಿಸಿ ಹೆದರಿಸಿದಿರಿ, ಹೀಗೆ ಮೇಲೇರುತ್ತಾ ಹೋಗುವ ಪಟ್ಟಿ. ಯಾಕೆ ಹೊಡೆದದ್ದು, ಯಾರಿಗೆ ಗಾಯ ಆಯಿತು ಅನ್ನುವುದು ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗೆ ಎಣಿಸಿದಾಗ ಹೆಂಗಸರೂ ಹೆಚ್ಚುಕಡಿಮೆ ಗಂಡಸರಷ್ಟೇ ಕೈ ಮಾಡುತ್ತಾರೆ ಅನ್ನೋ ಲೆಕ್ಕ ಬಂತು. ಡೋಬಾಶ್ ದಂಪತಿಯಂಥ ಸಂಶೋಧಕರು ಇದನ್ನು ಒಪ್ಪಲೇ ಇಲ್ಲ: ಭಯ, ಹಿಡಿತ, ಗಾಯ ಎಲ್ಲ ಬಿಟ್ಟು ಬರೀ ಏಟು ಎಣಿಸಿದರೆ ಮನೆಯೊಳಗಿನ ಸಂಗತಿ ಗೊತ್ತಾಗುವುದಿಲ್ಲ ಅನ್ನುವುದು ಅವರ ತಕರಾರು. ಹೆಂಗಸರಿಗೇ ಜಾಸ್ತಿ ಗಾಯವಾಗುತ್ತದೆ ಅಂತ ಸ್ಟ್ರಾಸ್ ಕೂಡ ಬರೆದಿದ್ದಾರೆ. 1996ರ ಪರಿಷ್ಕೃತ ಪ್ರಶ್ನಾವಳಿಗೆ ಗಾಯದ ಪ್ರಶ್ನೆಗಳೂ ಸೇರಿದವು. ಎಣಿಸುವ ಪಟ್ಟನ್ನು ಮಾತ್ರ ಅವರು ಬಿಡಲಿಲ್ಲ.

ಹಾಗಾಗಿ ‘ದೌರ್ಜನ್ಯ’ ಬರೆದರೆ ನಾನು ಮೊದಲ ಸಾಲಿನಲ್ಲೇ ಅವರ ಟೀಕಾಕಾರರ ಕಡೆ ಸೇರಿದ ಹಾಗೆ. ಸ್ಟ್ರಾಸ್ ಮಾತಿಗೆ ‘ಹಿಂಸೆ’, ಟೀಕಾಕಾರರ ಮಾತಿಗೆ ‘ದೌರ್ಜನ್ಯ’ ಅಂತ ಬಳಸುವುದು ಸರಿ ಅನ್ನಿಸುತ್ತಿದೆ. ಆದರೆ ಹಿಂಸೆ ಬಹಳ ಸಡಿಲ ಪದ. ಪದೇ ಪದೇ ಫೋನ್ ಮಾಡುವವರಿಗೂ ‘ಸುಮ್ನೆ ಹಿಂಸೆ ಕೊಡಬೇಡ’ ಅನ್ನುತ್ತೇವೆ. ಸ್ಟ್ರಾಸ್ ಲೆಕ್ಕದಲ್ಲಿ ಬೈಗುಳಕ್ಕೆ ಒಂದು ಖಾನೆ, ಮೈಮೇಲೆ ಬಿದ್ದ ಏಟಿಗೆ ಇನ್ನೊಂದು. ‘ಹಲ್ಲೆ’ ಅನ್ನೋಣ ಅಂದರೆ ಅದಕ್ಕೆ ಎಫ್‌ಐಆರ್ ವಾಸನೆ.

ಇನ್ನೊಂದು ಪ್ರಶ್ನೆ. ಮುಂದಿನ ವರ್ಷಗಳಲ್ಲಿ ಅವರು ಹೆಚ್ಚು ಬರೆದದ್ದು ಅಪ್ಪ ಅಮ್ಮ ಮಕ್ಕಳಿಗೆ ಹೊಡೆಯುವುದರ ಬಗ್ಗೆ. ‘ದೈಹಿಕ ಶಿಕ್ಷೆ’ ಸುತ್ತೋಲೆಯ ಭಾಷೆ. ‘ಎರಡೇಟು’ ಅಂದರೆ ಜನ ಅದರಲ್ಲೇನಿದೆ ಅಂತ ಮುಂದೆ ಹೋಗುತ್ತಾರೆ. ಆ ಎರಡೇಟನ್ನೂ ಹಿಂಸೆ ಅಂತಲೇ ಲೆಕ್ಕ ಹಿಡಿಯಬೇಕು ಅನ್ನುವುದು ಸ್ಟ್ರಾಸ್ ವಾದ. ಇದಕ್ಕೆ ನಡುವಿನ ಪದ ಯಾವುದಾದರೂ ನಿಮ್ಮ ಕಡೆ ಬಳಕೆಯಲ್ಲಿದೆಯೇ?