ಮಗ ಇನ್‌ಹೇಲರ್ ಸರಿಯಾಗಿ ತಗೊಳ್ಳುತ್ತಿದ್ದಾನಾ? ಹೇಗೆ ನೋಡುವುದು?

ಕೇಳಿದವರು, ಬ್ಯಾಡಗಿ:
ಮಗನಿಗೆ 7 ವರ್ಷ, ಅಸ್ತಮಾ ಇದೆ. ಇನ್‌ಹೇಲರಿಗೆ ಸ್ಪೇಸರ್ (ಔಷಧ ಎಳೆದುಕೊಳ್ಳುವ ಕೊಳವೆ) ಹಚ್ಚಿ ಬೆಳಿಗ್ಗೆ 2, ರಾತ್ರಿ 2 ಪಫ್ ಬುಡೆಸೊನೈಡ್ (ಅಸ್ತಮಾ ಹತೋಟಿಗೆ ದಿನಾ ತಗೊಳ್ಳುವ ಔಷಧ) ಶುರು ಮಾಡಿ ಎರಡು ತಿಂಗಳಾಯಿತು. ಆದರೂ ರಾತ್ರಿ ಕೆಮ್ಮು ನಿಂತಿಲ್ಲ. ಮಾರ್ಕೆಟ್ಟಿಗೆ ಮೆಣಸಿನಕಾಯಿ ಬರುವ ಕಾಲ, ಊರೆಲ್ಲ ಘಾಟು. ಅದೇ ಕಾರಣ ಅಂದುಕೊಂಡಿದ್ದೆವು. ಡೋಸ್ ಹೆಚ್ಚಿಸುವ ಮೊದಲು ಅವನು ಹೇಗೆ ತಗೊಳ್ಳುತ್ತಾನೆ ನೋಡಿಕೊಂಡು ಬನ್ನಿ ಅಂದಿದ್ದಾರೆ ಡಾಕ್ಟರು. ಏನು ನೋಡಬೇಕು? "ತಗೊಂಡ್ಯಾ?" ಅಂದರೆ "ಹ್ಞೂಂ" ಅಂತಾನೆ, ಅಷ್ಟೇ.

ಹುಬ್ಬಳ್ಳಿಯಿಂದ:
ಆ "ಹ್ಞೂಂ" ನಂಬಿ ನಾನು ಒಂದು ವರ್ಷ ಕಳೆದೆ ಅಕ್ಕ. ನನ್ನ ಮಗಳಿಗೆ ಈಗ 9. ಒಂದು ದಿನ ಏನೂ ಹೇಳದೆ ಸುಮ್ನೆ ಮೊಬೈಲಲ್ಲಿ ವಿಡಿಯೊ ಮಾಡಿದೆ. ಇನ್‌ಹೇಲರ್ ಅಲುಗಾಡಿಸಲೇ ಇಲ್ಲ. ಟಪ್ ಟಪ್ ಅಂತ ಎರಡೂ ಪಫ್ ಒಟ್ಟಿಗೆ ಒತ್ತಿದಳು. ಒಂದು ಉಸಿರು ಎಳೆದು "ಅವ್ವಾ, ಆತು!" ಅಂತ ಓಡಿದಳು. ಕಾಲು ನಿಮಿಷವೂ ಆಗಿರಲಿಲ್ಲ.

ಒಂದು ಸಲಕ್ಕೆ ಒಂದೇ ಪಫ್. ಒತ್ತಿದ ಮೇಲೆ ಸ್ಪೇಸರ್ ಬಾಯಿಂದ ತೆಗೆಯದೆ ನಿಧಾನಕ್ಕೆ 5-6 ಉಸಿರು. ಅರ್ಧ ನಿಮಿಷ ಬಿಟ್ಟು, ಮತ್ತೆ ಅಲುಗಾಡಿಸಿ ಎರಡನೆಯದು. ನೀವು ಮಗನ ಮುಖ ನೋಡಬೇಡಿ, ಸ್ಪೇಸರಿನ ವಾಲ್ವ್ ನೋಡಿ. ಉಸಿರಿನ ಜೊತೆ ಅದು ಆಡಬೇಕು. ಆಡದಿದ್ದರೆ ಮೂಗಿನಿಂದ ಉಸಿರಾಡುತ್ತಿರಬಹುದು, ಇಲ್ಲವೇ ತುಟಿ ಬಿಗಿ ಹಿಡಿದಿಲ್ಲ. ನಮ್ಮವಳು ನಾಲಿಗೆಯನ್ನೇ ಅಡ್ಡ ಇಟ್ಟಿದ್ದಳು! ಇನ್ನೊಂದು ತಮಾಷೆ ಕೇಳಿ. ಕೆಲವು ಸ್ಪೇಸರ್‌ಗಳು ಜೋರಾಗಿ ಎಳೆದರೆ ಸೀಟಿ ಹೊಡೆಯುತ್ತವೆ. ಅದು ನಿಧಾನ ಮಾಡು ಅನ್ನುವ ಸೂಚನೆ. ಇವಳು ಸೀಟಿ ಬಂದರೆ ಗೆದ್ದೆ ಅಂದುಕೊಂಡು ದಿನಾ ಊದಿಸುತ್ತಿದ್ದಳು.

ಧಾರವಾಡ, ಔಷಧಿ ಅಂಗಡಿಯವನು:
"ಗೊತ್ತೇನಪ್ಪಾ?" ಅಂತ ಕೇಳಿದರೆ ಎಲ್ಲ ಮಕ್ಕಳಿಗೂ ಗೊತ್ತು. ಅದಕ್ಕೆ ನಾನು "ಎಲ್ಲಿ, ಮಾಡಿ ತೋರಿಸು" ಅಂತೀನಿ. ತಪ್ಪಿದ್ದನ್ನು ಹೇಳಿ, ಮತ್ತೊಮ್ಮೆ ಮಾಡಿಸುತ್ತೇನೆ. ಇವತ್ತು ಸರಿ ಮಾಡಿದವರು ಎರಡು ತಿಂಗಳಲ್ಲಿ ಮರೆಯುತ್ತಾರೆ, ದೊಡ್ಡವರೂ ಅಷ್ಟೇ.

ಇನ್‌ಹೇಲರ್ ಡಬ್ಬಿಯಲ್ಲಿ ಎಷ್ಟು ಪಫ್ ಉಳಿದಿವೆ ಎಂದು ತೋರಿಸುವ ಕೌಂಟರ್ ಕೂಡ ನೋಡಿ. 120 ಪಫ್‌ನದ್ದಾದರೆ ದಿನಕ್ಕೆ 4ರಂತೆ 30 ದಿನಕ್ಕೆ ಖಾಲಿಯಾಗಬೇಕು. ಕೌಂಟರ್ ಇಲ್ಲದಿದ್ದರೆ ಶುರು ಮಾಡಿದ ತಾರೀಖು ಪೆನ್ನಿನಲ್ಲಿ ಬರೆದಿಡಿ. ಖಾಲಿಯಾಯಿತಾ ಎಂದು ಡಬ್ಬಿಯನ್ನು ನೀರಲ್ಲಿ ತೇಲಿಸಿ ನೋಡುವುದು ನಂಬುವಂಥದ್ದಲ್ಲ. ಔಷಧ ಮುಗಿದ ಮೇಲೂ ಬರೀ ಗ್ಯಾಸ್ ಬರುತ್ತಿರುತ್ತದೆ, ಸದ್ದು ಮಾತ್ರ ಅದೇ.

ಪ್ಲಾಸ್ಟಿಕ್ ಸ್ಪೇಸರನ್ನು ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಆಮೇಲೆ ಔಷಧ ಸ್ಪೇಸರಿನ ಒಳಗೋಡೆಗೇ ಅಂಟುತ್ತದೆ. ಬುಡೆಸೊನೈಡ್ ಆದಮೇಲೆ ಬಾಯಿ ಮುಕ್ಕಳಿಸಿ ಉಗುಳಲಿ. ಕ್ಯಾಪ್ಸೂಲ್ ಹಾಕುವ ರೋಟಾಹೇಲರ್ ಮಾತ್ರ ಉಲ್ಟಾ. ಅದನ್ನು ಜೋರಾಗಿ, ಆಳವಾಗಿ ಎಳೆಯಬೇಕು. ಆಮೇಲೆ ತೆರೆದು ನೋಡಿದರೆ ಪುಡಿ ಉಳಿದಿರಬಾರದು. ಮತ್ತೊಂದು ಮಾತು. ಉಬ್ಬಸ ಬಂದಾಗ ನೀಲಿ ಡಬ್ಬಿ, ಅಂದರೆ ಸಾಲ್ಬುಟಮಾಲ್, ಕೊಟ್ಟರೂ ತಗ್ಗದಿದ್ದರೆ ಇವೆಲ್ಲ ನೋಡುತ್ತಾ ಕೂರಬೇಡಿ, ತಕ್ಷಣ ದವಾಖಾನೆಗೆ ಹೋಗಿ.

ಗದಗದಿಂದ:
ನಮ್ಮದು ಎರಡು ವರ್ಷದ ಕೂಸು, ಮಾಸ್ಕ್ ಇರುವ ಸ್ಪೇಸರ್. ಅಳುವಾಗ ದೊಡ್ಡ ಉಸಿರು ಬರುತ್ತದೆ, ಆಗಲೇ ಕೊಡು ಅನ್ನುತ್ತಿದ್ದರು ನಮ್ಮತ್ತೆ. ಡಾಕ್ಟರು ಬೇಡ ಅಂದರು, ಅಳುವಾಗ ಔಷಧ ಒಳಗೆ ಹೋಗುವುದೇ ಕಡಿಮೆಯಂತೆ. ಮೂಗಿನ ಪಕ್ಕದಲ್ಲಿ ಮಾಸ್ಕ್ ಸಡಿಲ ಇದ್ದರೂ ಅದೇ ಗತಿ. ಈಗ ಮೊದಲು ಗೊಂಬೆಗೆ, ಆಮೇಲೆ ಕೂಸಿಗೆ.

ಬ್ಯಾಡಗಿಯಿಂದ ಮತ್ತೆ:
ನಿನ್ನೆ ರಾತ್ರಿ ವಿಡಿಯೊ ಮಾಡಿದೆ. ನಾಲಿಗೆ, ತುಟಿ ಎಲ್ಲ ಸರಿ. ಆದರೆ ಇವನು ಮೊದಲು ಪಫ್ ಒತ್ತಿ, ಅಜ್ಜನ ಜೊತೆ ಎರಡು ಮಾತಾಡಿ, ಆಮೇಲೆ ಸ್ಪೇಸರ್ ಬಾಯಿಗೆ ಇಡುತ್ತಾನೆ! ಕೌಂಟರ್ ನೋಡಿ ಜಾಸ್ತಿ ಬೇಜಾರಾಯಿತು. 120ರ ಡಬ್ಬಿ, ಎರಡು ತಿಂಗಳಾದರೂ ಇನ್ನೂ 31 ಉಳಿದಿವೆ. ಬೆಳಿಗ್ಗೆ ಶಾಲೆ ಗಡಿಬಿಡಿಯಲ್ಲಿ ಅವನೂ ಬಿಟ್ಟಿದ್ದಾನೆ, ನಾವೂ ಕೇಳಿಲ್ಲ. ಇವತ್ತಿನಿಂದ ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಸ್ಪೇಸರ್ ಇಟ್ಟಿದ್ದೇನೆ. ಸೋಮವಾರ ವಿಡಿಯೊ, ಡಬ್ಬಿ, ಸ್ಪೇಸರ್ ಮೂರನ್ನೂ ಡಾಕ್ಟರಿಗೆ ತೋರಿಸುತ್ತೇನೆ. ಬೆಳಿಗ್ಗೆ ಪಫ್ ಕೊಡಿಸುವ ಕೆಲಸ ಅಜ್ಜನೇ ಒಪ್ಪಿಕೊಂಡಿದ್ದಾರೆ, ಮಾತಾಡಿಸಬಾರದು ಅನ್ನುವ ಷರತ್ತಿನ ಮೇಲೆ.