ಕ್ಲೋಜಪೀನ್ ಮೈಕ್ರೋಸೋಮ್ ಪ್ರಯೋಗದಲ್ಲಿ +16 ಪೀಕ್: ಹೈಡ್ರಾಕ್ಸಿಯೋ, ಎನ್-ಆಕ್ಸೈಡೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎಂ.ಫಾರ್ಮ್ ಮುಗಿಸಿ ಬೆಂಗಳೂರಿನ ಒಂದು ಲ್ಯಾಬ್‌ಗೆ ಸೇರಿ ನಾಲ್ಕು ತಿಂಗಳಾಯಿತು. ಹೊಸ ಮಾಲಿಕ್ಯೂಲ್‌ಗಳು ಲಿವರ್‌ನಲ್ಲಿ ಏನಾಗುತ್ತವೆ ಅಂತ ನೋಡುವುದು ನಮ್ಮ ತಂಡದ ಕೆಲಸ. ಕೈ ಪಳಗಲಿ ಅಂತ ನನಗೆ ಮೊದಲು ಕ್ಲೋಜಪೀನ್ (ಸ್ಕಿಜೋಫ್ರೀನಿಯಾಗೆ ಕೊಡುವ ಹಳೆಯ ಔಷಧಿ) ಕೊಟ್ಟಿದ್ದಾರೆ. ಮನುಷ್ಯರ ಲಿವರ್ ಮೈಕ್ರೋಸೋಮ್‌ಗೆ (ಔಷಧಿ ಬದಲಾಯಿಸುವ ಎಂಜೈಮ್‌ಗಳಿರುವ ಲಿವರ್ ಕೋಶದ ತುಣುಕುಗಳು) ಔಷಧಿಯ ಜೊತೆ, ಆ ಎಂಜೈಮ್‌ಗಳು ಕೆಲಸ ಮಾಡಲು ಬೇಕಾದ ಎನ್‌ಎಡಿಪಿಎಚ್ ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟೆ. ತಣ್ಣನೆಯ ಅಸಿಟೋನೈಟ್ರೈಲ್ ಹಾಕಿ ನಿಲ್ಲಿಸಿದೆ. ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಎಲ್‌ಸಿ-ಎಂಎಸ್‌ಗೆ (ಕಾಲಂನಲ್ಲಿ ಬೇರೆ ಮಾಡಿ ಅಣುಗಳ ತೂಕ ನೋಡುವ ಮೆಷಿನ್) ಕೊಟ್ಟೆ.

ತೂಕ 327ರಲ್ಲಿ ಔಷಧಿ ಇದೆ. 313ರಲ್ಲಿ ಒಂದು ಪೀಕ್, ಅದು ಮಿಥೈಲ್ ಕಳೆದುಕೊಂಡದ್ದು. 343ರಲ್ಲಿ ಇನ್ನೊಂದು. 16 ಜಾಸ್ತಿ, ಅಂದರೆ ಒಂದು ಆಕ್ಸಿಜನ್ ಸೇರಿದೆ. ಆದರೆ ಎಲ್ಲಿ? ಇಂಗಾಲದ ಮೇಲೆ ಓಎಚ್ ಆಗಿ ಕೂತಿದೆಯೋ (ಹೈಡ್ರಾಕ್ಸಿ), ನೈಟ್ರೋಜನ್‌ಗೇ ಅಂಟಿದೆಯೋ (ಎನ್-ಆಕ್ಸೈಡ್)? ಸಾಫ್ಟ್‌ವೇರ್ ‘ಹೈಡ್ರಾಕ್ಸಿಲೇಶನ್’ ಅಂತ ಬರೆದುಬಿಟ್ಟಿದೆ. ಹಾಗೇ ರಿಪೋರ್ಟ್ ಕೊಡಲು ಮನಸ್ಸು ಒಪ್ಪುತ್ತಿಲ್ಲ. ನಮ್ಮ ಹತ್ತಿರ ಇರುವುದು ಟ್ರಿಪಲ್ ಕ್ವಾಡ್ (ಅಯಾನ್ ಒಡೆದು ಚೂರುಗಳನ್ನು ನೋಡುವ ಸಾಧಾರಣ ಮಾಸ್ ಮೆಷಿನ್) ಮಾತ್ರ. ಎನ್‌ಎಡಿಪಿಎಚ್ ಹಾಕದ ಟ್ಯೂಬ್‌ನಲ್ಲಿ ಈ ಪೀಕ್ ಇಲ್ಲ.

ಉತ್ತರ 1

ಮೊದಲು 343ರ ಜೊತೆ 345 ಇದೆಯಾ ನೋಡಿ. ಕ್ಲೋಜಪೀನ್‌ನಲ್ಲಿ ಒಂದು ಕ್ಲೋರಿನ್ ಇದೆ, ಕ್ಲೋರಿನ್ 35 ಮತ್ತು 37 ಎರಡು ತೂಕದಲ್ಲಿರುತ್ತದೆ, ಹಾಗಾಗಿ ಎರಡೂ ಸುಮಾರು ಮೂರಕ್ಕೆ ಒಂದರ ಅಳತೆಯಲ್ಲಿ ಬರಬೇಕು. ಬಂದರೆ ಪೀಕ್ ಔಷಧಿಯಿಂದಲೇ ಹುಟ್ಟಿದ್ದು, ಕ್ಲೋರಿನ್ ಇನ್ನೂ ಉಳಿದಿದೆ ಅಂತ ಧೈರ್ಯ. ರಿಟೆನ್ಶನ್ ಟೈಮ್ (ಕಾಲಂನಿಂದ ಹೊರಬರುವ ಸಮಯ) ಎಷ್ಟು?

ಪ್ರಶ್ನೆ ಕೇಳಿದವರು

ಇದೆ ಸರ್, ಮೂರಕ್ಕೆ ಒಂದೇ. ಔಷಧಿ 6.2 ನಿಮಿಷಕ್ಕೆ ಬರುತ್ತದೆ. 343 ಅದರ ನಂತರ, 6.6ಕ್ಕೆ. ಕಾಲಂ ಸಿ18.

ಉತ್ತರ 2

ಸಾಫ್ಟ್‌ವೇರ್ ಬರೆದದ್ದನ್ನು ಒಪ್ಪದೆ ನಿಂತಿರಲ್ಲ, ತುಂಬಾ ಒಳ್ಳೆಯದಾಯಿತು. ನಾನು ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಎರಡನೇ ವರ್ಷ ಒಂದು ಎನ್-ಆಕ್ಸೈಡನ್ನು ‘ಉಂಗುರದ ಮೇಲೆ ಹೈಡ್ರಾಕ್ಸಿ’ ಅಂತ ಬರೆದುಕೊಟ್ಟೆ. ಅದನ್ನು ನಂಬಿ ಕೆಮಿಸ್ಟ್ ಹುಡುಗ, ಅಲ್ಲಿ ಆಕ್ಸಿಜನ್ ಸೇರದಿರಲಿ ಅಂತ, ಉಂಗುರಕ್ಕೆ ಫ್ಲೋರಿನ್ ಕೂರಿಸಿದ. ಆರು ವಾರ ಸಿಂಥೆಸಿಸ್ ಮಾಡಿ, ಸಣ್ಣ ಬಾಟಲಿಯಲ್ಲಿ ಪುಡಿ ತಂದುಕೊಟ್ಟ. ಇನ್ಕ್ಯುಬೇಶನ್ ಮಾಡಿದರೆ +16 ಅಷ್ಟೇ ಎತ್ತರಕ್ಕೆ ಎದ್ದು ನಿಂತಿತ್ತು. ಅವನು ಒಂದು ಮಾತೂ ಆಡಲಿಲ್ಲ. ಆವತ್ತಿನಿಂದ +16 ಕಂಡರೆ ಪರೀಕ್ಷೆ ಮಾಡದೆ ಹೆಸರಿಡುವುದಿಲ್ಲ.

ನಿಮ್ಮ ಪೀಕ್ ಔಷಧಿಯ ನಂತರ ಬರುತ್ತಿದೆ ಅಂದಿರಿ. ಸಿ18ನಲ್ಲಿ ಹೈಡ್ರಾಕ್ಸಿ ಸಾಮಾನ್ಯವಾಗಿ ಔಷಧಿಗಿಂತ ಮೊದಲೇ ಹೊರಬರುತ್ತದೆ. ಎನ್-ಆಕ್ಸೈಡ್ ಎಷ್ಟೋ ಸಲ ಸ್ವಲ್ಪ ಹಿಂದೆ ಬರುತ್ತದೆ. ಇದು ಅನುಮಾನಕ್ಕೆ ಸಾಕು, ಸಾಕ್ಷಿಗೆ ಸಾಲದು. 343ನ್ನು ಒಡೆದು ನೋಡಿ. ಔಷಧಿಯ ಮೂರು ಉಂಗುರದ ಭಾಗ ಒಡೆದಾಗ ಕೊಡುವ ಚೂರು 192. ಅದು ಹಾಗೇ ಸಿಕ್ಕಿದರೆ ಆಕ್ಸಿಜನ್ ಆ ಕಡೆ ಬಹುತೇಕ ಇಲ್ಲ, ಪಿಪರಜೀನ್ (ಮಿಥೈಲ್ ಇರುವ ಇನ್ನೊಂದು ಉಂಗುರ) ಕಡೆ ಇದೆ.

ಆಮೇಲೆ ಭಾರಜಲ, ಅಂದರೆ ಹೈಡ್ರೋಜನ್ ಬದಲು ಅದಕ್ಕಿಂತ ಒಂದು ತೂಕ ಜಾಸ್ತಿಯ ಡ್ಯೂಟೀರಿಯಂ ಇರುವ ನೀರು. ಇದಕ್ಕೆ ದುಬಾರಿ ಮೆಷಿನ್ ಬೇಡ, ನಿಮ್ಮ ಟ್ರಿಪಲ್ ಕ್ವಾಡ್ ಸಾಕು. ಮೊಬೈಲ್ ಫೇಸಿನ (ಕಾಲಂನಲ್ಲಿ ಹರಿಸುವ ದ್ರವ) ನೀರಿನ ಜಾಗದಲ್ಲಿ ಭಾರಜಲ ಹಾಕಿ. ಮೆಥನಾಲ್ ಬೇಡ, ಅದರ ಹೈಡ್ರೋಜನ್ ಅಡ್ಡ ಬರುತ್ತದೆ, ಅಸಿಟೋನೈಟ್ರೈಲ್ ಇರಲಿ. ಕಾಲಂ ಚೆನ್ನಾಗಿ ತೊಯ್ಯುವವರೆಗೆ ಕಾಯಿರಿ. ಕ್ಲೋಜಪೀನ್‌ನಲ್ಲಿ ಬದಲಾಗುವ ಹೈಡ್ರೋಜನ್ ಒಂದೇ, ಎನ್‌ಎಚ್‌ದು. ಅದಕ್ಕೆ ಒಂದು, ಚಾರ್ಜ್ ತರುವ ಡ್ಯೂಟೀರಿಯಂಗೆ ಇನ್ನೊಂದು. ಹಾಗಾಗಿ ಎನ್-ಆಕ್ಸೈಡ್ ಆದರೆ 343 ಹೋಗಿ 345 ಆಗುತ್ತದೆ. ಹೈಡ್ರಾಕ್ಸಿ ಆದರೆ ಓಎಚ್‌ನದೂ ಬದಲಾಗಿ 346ಕ್ಕೆ ಹೋಗುತ್ತದೆ. ಆ 345ನ್ನು ಕ್ಲೋರಿನ್ನಿನ 345 ಅಂದುಕೊಳ್ಳಬೇಡಿ. 343 ಪೂರ್ತಿ ಮಾಯವಾಗಿ, ಪಕ್ಕದಲ್ಲಿ 347 ಬಂದಿದೆಯಾ ನೋಡಿ.

ಇನ್ನೂ ಗಟ್ಟಿ ಮಾಡಬೇಕಾದರೆ ಸ್ಯಾಂಪಲ್‌ಗೆ ಟೈಟೇನಿಯಂ ಟ್ರೈಕ್ಲೋರೈಡ್ ಹಾಕಿ. ಎನ್-ಆಕ್ಸೈಡ್ ಮರಳಿ ಔಷಧಿಯಾಗುತ್ತದೆ. ಹೈಡ್ರಾಕ್ಸಿ ಕದಲುವುದಿಲ್ಲ.

ಇನ್ನೊಂದು ಮಾತು, ಇದು ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ಅಳೆಯುವಾಗ ಬಹಳ ಮುಖ್ಯ. ಎನ್-ಆಕ್ಸೈಡ್ ಮಾಸ್ ಮೆಷಿನ್ನಿನ ಬಿಸಿ ಸೋರ್ಸ್‌ನಲ್ಲೇ (ಅಯಾನ್ ಮಾಡುವ ಭಾಗ) ಆಕ್ಸಿಜನ್ ಕಳೆದುಕೊಂಡು 327 ಆಗಬಹುದು. ಕಾಲಂನಲ್ಲಿ ಎರಡೂ ಬೇರೆ ಆಗದಿದ್ದರೆ ಔಷಧಿ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ನಿಮ್ಮದು 0.4 ನಿಮಿಷ ದೂರ ಇದೆ, ಹಾಗೇ ಉಳಿಸಿಕೊಳ್ಳಿ. ಗ್ರೇಡಿಯಂಟ್ ಚಿಕ್ಕದು ಮಾಡಿ (ಕಾಲಂ ಬೇಗ ಓಡಿಸಿ ಮುಗಿಸಿ) ಅಂತ ಯಾರಾದರೂ ಹೇಳಿದರೆ ಇದನ್ನು ತೋರಿಸಿ.

ಉತ್ತರ 3

ಮೇಡಂ ಎಲ್ಲಾ ಹೇಳಿದ್ದಾರೆ. ಕ್ಲೋಜಪೀನ್ ಕೈಯಲ್ಲಿದ್ದಾಗ ಇದನ್ನೂ ಮಾಡಿಬಿಡಿ: ಇನ್ನೊಂದು ಟ್ಯೂಬ್‌ಗೆ ಗ್ಲುಟಾಥಯೋನ್ (ಅಂಟಿಕೊಳ್ಳುವ ಚುರುಕು ಅಣುಗಳನ್ನು ಹಿಡಿಯುವ, ದೇಹದಲ್ಲೇ ಇರುವ ಪದಾರ್ಥ) ಹಾಕಿ. ಔಷಧಿ ಆಕ್ಸಿಡೈಸ್ ಆಗಿ ಹುಟ್ಟುವ ನೈಟ್ರೀನಿಯಂ ಅಯಾನ್ ಒಂದು ಕ್ಷಣವೂ ನಿಲ್ಲುವುದಿಲ್ಲ, ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ಗ್ಲುಟಾಥಯೋನ್ ಅದನ್ನು ಹಿಡಿದರೆ 305 ಸೇರಿ 632 ಬರುತ್ತದೆ. ಪಾಸಿಟಿವ್ ಮೋಡ್‌ನಲ್ಲಿ 129 ಕಳೆದುಕೊಳ್ಳುವ ಅಯಾನ್‌ಗಳನ್ನು ಹುಡುಕಿ, ನೆಗೆಟಿವ್‌ನಲ್ಲಿ 272 ಕೊಡುವವನ್ನು ಹುಡುಕಿ; ಎರಡೂ ಗ್ಲುಟಾಥಯೋನ್ ಅಂಟಿದ್ದರ ಗುರುತು. ಈ ಎರಡು ಸ್ಕ್ಯಾನ್‌ಗೆ ಟ್ರಿಪಲ್ ಕ್ವಾಡ್‌ನಷ್ಟು ಸಲೀಸು ಇನ್ನೊಂದಿಲ್ಲ.

1975ರಲ್ಲಿ ಫಿನ್ಲೆಂಡ್‌ನಲ್ಲಿ ಈ ಔಷಧಿ ತೆಗೆದುಕೊಂಡವರಲ್ಲಿ ಕೆಲವರ ಬಿಳಿ ರಕ್ತಕಣ ಕುಸಿದು ಸಾವುಗಳಾದವು. ಹಲವು ದೇಶಗಳಲ್ಲಿ ಔಷಧಿ ನಿಂತಿತು. 1989ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ರಕ್ತ ಪರೀಕ್ಷೆ ಕಡ್ಡಾಯ ಅನ್ನುವ ಷರತ್ತಿನ ಮೇಲೆ. ಆ ಕುಸಿತದ ಹಿಂದೆ ಇದೇ ಅಯಾನ್ ಇದೆ ಅಂತ ಬಲವಾದ ಅನುಮಾನವಿದೆ. ನೀವು ಟ್ಯೂಬ್‌ನಲ್ಲಿ ಹಿಡಿಯುವುದು ಅದನ್ನೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ನಿನ್ನೆ ಭಾರಜಲದಲ್ಲಿ ಓಡಿಸಿದೆ. 6.6ರ ಪೀಕ್ 345, ಪಕ್ಕದಲ್ಲಿ 347. ಟೈಟೇನಿಯಂ ಹಾಕಿದ ಸ್ಯಾಂಪಲ್‌ನಲ್ಲಿ ಅದು ಪೂರ್ತಿ ಹೋಗಿ 327 ಏರಿದೆ. ಎನ್-ಆಕ್ಸೈಡ್ ಅಂತಲೇ ಬರೆದೆ.

ಮೇಡಂ, 5.1 ನಿಮಿಷದಲ್ಲಿ ಇನ್ನೊಂದು ಸಣ್ಣ 343 ಇತ್ತು. ಮೊದಲ ಸಲ ಅದನ್ನು ಗಮನಿಸಿಯೇ ಇರಲಿಲ್ಲ. ಭಾರಜಲದಲ್ಲಿ ಅದು 346ಕ್ಕೆ ಹೋಯಿತು, ಟೈಟೇನಿಯಂಗೆ ಕದಲಲಿಲ್ಲ. ಗ್ಲುಟಾಥಯೋನ್ ಸೋಮವಾರ ಬರುತ್ತದೆ. 632 ಸಿಕ್ಕಿದರೆ ಇಲ್ಲೇ ಹಾಕುತ್ತೇನೆ.