ಕುಂಡದ ಮೆಣಸಿನ ಗಿಡಗಳಿಗೆ ಮುಟುರು: ಯಾವ ಔಷಧಿಗೂ ಬಗ್ಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ತಾರಸಿಯ ಕುಂಡಗಳಲ್ಲಿ ಏಳೆಂಟು ಹಸಿಮೆಣಸಿನ ಗಿಡಗಳಿವೆ. ಸಂಕ್ರಾಂತಿಯವರೆಗೂ ಮನೆಗೆ ಸಾಕಾಗುವಷ್ಟು ಕಾಯಿ ಕೊಡುತ್ತಿದ್ದ ಈ ಗಿಡಗಳಲ್ಲಿ, ಬಿಸಿಲು ಏರತೊಡಗಿದ ಮೇಲೆ ಕುಡಿ ಎಲೆಗಳು ಮುದುರಿ ಸಣ್ಣಗಾಗಿವೆ. ಹೂವುಗಳು ಕಾಯಿಕಟ್ಟುವ ಮೊದಲೇ ಉದುರುತ್ತಿವೆ. ವಾರಕ್ಕೊಮ್ಮೆ ಬೇವಿನ ಎಣ್ಣೆ ಸಿಂಪಡಿಸಿದೆ, ಪಕ್ಕದ ಮನೆಯವರು ಹೇಳಿದರೆಂದು ಹುಳಿ ಮಜ್ಜಿಗೆಯನ್ನೂ ಹಾಕಿದೆ. ಕೊನೆಗೆ ಗೊಬ್ಬರದ ಅಂಗಡಿಯವರು ‘ಇದು ನುಸಿ’ ಎಂದು ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಕೊಟ್ಟರು. ಅದನ್ನು ಸಿಂಪಡಿಸಿದ ಮೇಲೆ ಒಂದೆರಡು ಗಿಡಗಳು ಇನ್ನಷ್ಟು ಹದಗೆಟ್ಟಿವೆ. ಎಲ್ಲವನ್ನೂ ಕಿತ್ತು ಹೊಸದಾಗಿ ಸಸಿ ಹಾಕಬೇಕೇ, ಅಥವಾ ಉಳಿಸಿಕೊಳ್ಳುವ ದಾರಿಯೇನಾದರೂ ಇದೆಯೇ?

ಉತ್ತರ (ಬೆಂಗಳೂರು)

ಕೀಳುವ ಮೊದಲು ಎಲೆ ಯಾವ ಕಡೆಗೆ ಮುದುರಿದೆ ಎಂಬುದನ್ನು ದಯವಿಟ್ಟು ನೋಡಿ. ಮುಟುರಿಗೆ ಮುಖ್ಯವಾಗಿ ಮೂರು ಕಾರಣಗಳಿವೆ. ಒಂದಕ್ಕೆ ಹಾಕುವ ಔಷಧಿ ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ. ಎಲೆಯ ಅಂಚುಗಳು ಮೇಲಕ್ಕೆದ್ದು ದೋಣಿಯಾಕಾರ ತಾಳಿದ್ದರೆ ಅದು ಸಾಮಾನ್ಯವಾಗಿ ಥ್ರಿಪ್ಸ್ ನುಸಿಯ ಕೆಲಸ. ಅಂಚುಗಳು ಕೆಳಕ್ಕೆ ಬಾಗಿ, ತೊಟ್ಟು ಉದ್ದವಾಗಿ, ಎಲೆಯ ಕೆಳಭಾಗ ಕಂಚಿನ ಬಣ್ಣಕ್ಕೆ ತಿರುಗಿದ್ದರೆ ಮೈಟ್ ನುಸಿ. ಎಲೆಯ ನರಗಳು ದಪ್ಪಗಾಗಿ, ಗಿಣ್ಣುಗಳ ನಡುವಿನ ಅಂತರ ಕುಗ್ಗಿ, ಇಡೀ ಗಿಡ ಕುಳ್ಳಗೆ ಪೊದೆಗಟ್ಟಿದ್ದರೆ ಅದು ಬಿಳಿ ನೊಣ ಹರಡುವ ನಂಜುರೋಗ (ವೈರಸ್ ರೋಗ).

ಇನ್ನೊಂದು ಪರೀಕ್ಷೆಯನ್ನೂ ಮಾಡಬಹುದು. ಕುಡಿಯ ಕೆಳಗೆ ಬಿಳಿ ಕಾಗದ ಹಿಡಿದು ಬೆರಳಿನಿಂದ ತಟ್ಟಿದರೆ, ಥ್ರಿಪ್ಸ್ ಇದ್ದಲ್ಲಿ ತುಂಡು ದಾರದಂಥ ಹಳದಿ ಅಥವಾ ಕಪ್ಪು ಹುಳುಗಳು ಕಾಗದದ ಮೇಲೆ ಓಡಾಡುತ್ತವೆ. ಮೈಟ್ ಬರಿಗಣ್ಣಿಗೆ ಕಾಣುವುದಿಲ್ಲವೆಂದೇ ಹೇಳಬೇಕು. ಒಳ್ಳೆಯ ಭೂತಗನ್ನಡಿ ಇಲ್ಲದಿದ್ದರೆ ಎಲೆಯ ಲಕ್ಷಣವನ್ನೇ ನಂಬಿ.

ನಿಮ್ಮ ವಿವರಣೆಯನ್ನು ಓದಿದರೆ ನನ್ನ ಅನುಮಾನ ಮೈಟ್ ಕಡೆಗೇ ಹೋಗುತ್ತದೆ. ಇಮಿಡಾಕ್ಲೋಪ್ರಿಡ್ ರಸ ಹೀರುವ ಕೀಟಗಳಿಗೆ ಆಗುತ್ತದೆ, ಆದರೆ ಮೈಟ್ ಕೀಟವೇ ಅಲ್ಲ, ಜೇಡದ ಬಳಗಕ್ಕೆ ಸೇರಿದ್ದು. ಅದಕ್ಕೆ ಈ ಔಷಧಿ ತಾಗುವುದಿಲ್ಲ. ಬದಲಿಗೆ ಅದನ್ನು ತಿನ್ನುವ ಮಿತ್ರಜೀವಿಗಳು ಸತ್ತು ಮೈಟ್ ಹೆಚ್ಚುವುದೂ ಉಂಟು. ಮೈಟ್ ಎಂದು ಖಾತ್ರಿಯಾದರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 3 ಗ್ರಾಂನಂತೆ ಬೆರೆಸಿ, ಸಂಜೆಯ ಹೊತ್ತು ಎಲೆಯ ಕೆಳಭಾಗ ಪೂರ್ತಿ ನೆನೆಯುವಂತೆ ಸಿಂಪಡಿಸಿ. ಹತ್ತು ಹನ್ನೆರಡು ದಿನ ಬಿಟ್ಟು ಮತ್ತೊಮ್ಮೆ ಮಾಡಿ. ಬೇವಿನ ಎಣ್ಣೆಗೂ ಗಂಧಕಕ್ಕೂ ಕನಿಷ್ಠ ಎರಡು ವಾರ ಅಂತರವಿರಲಿ, ಇಲ್ಲವಾದರೆ ಎಲೆ ಸುಟ್ಟುಹೋಗುತ್ತದೆ. ಸುಡುಬಿಸಿಲಿನಲ್ಲಂತೂ ಗಂಧಕವನ್ನು ಮುಟ್ಟಲೇಬೇಡಿ.

ಉತ್ತರ (ಹಾವೇರಿ ಜಿಲ್ಲೆ)

ಮೇಲಿನವರು ಹೇಳಿದ್ದು ಸರಿ. ನಂಜುರೋಗದ ಬಗ್ಗೆ ಮಾತ್ರ ಇನ್ನಷ್ಟು ಕಟುವಾಗಿ ಹೇಳಬೇಕೆನಿಸುತ್ತದೆ. ನಂಜು ತಗುಲಿದ ಗಿಡಕ್ಕೆ ಮದ್ದಿಲ್ಲ. ಹೊಲದಲ್ಲಿ ನಾವು ಅಂಥ ಗಿಡವನ್ನು ಕಂಡ ಕೂಡಲೇ ಕಿತ್ತು ಹೂಳುತ್ತೇವೆ. ಮನೆಯಲ್ಲಿ ಪ್ರೀತಿಯಿಂದ ಬೆಳೆಸಿದವರಿಗೆ ಕೈ ಬರುವುದಿಲ್ಲ, ಅಷ್ಟರಲ್ಲಿ ಬಿಳಿ ನೊಣ ಅದರ ರಸ ಹೀರಿ ಪಕ್ಕದ ಕುಂಡಕ್ಕೆ ಹೋಗಿರುತ್ತದೆ. ನೊಣಕ್ಕೆ ಹಳದಿ ಅಂಟು ಬಲೆ, ಥ್ರಿಪ್ಸ್‌ಗೆ ನೀಲಿ ಅಂಟು ಬಲೆ ಗಿಡದ ಎತ್ತರಕ್ಕೆ ತೂಗಿಹಾಕಿದರೆ, ಕೀಟ ಪೂರ್ತಿ ಹೋಗದಿದ್ದರೂ ಬಂದಿದೆಯೆಂಬ ಸುಳಿವು ಬೇಗ ಸಿಗುತ್ತದೆ.

ಹೂವು ಉದುರುತ್ತಿದೆ ಎಂದಿದ್ದೀರಿ. 2021ರಲ್ಲಿ ನಮ್ಮ ಕಡೆಯ ಮೆಣಸಿನ ಬೆಳೆಯನ್ನು ಹಾಳುಗೆಡವಿದ ಹೊರಗಿನ ಥ್ರಿಪ್ಸ್ ತಳಿ ಎಲೆಗಿಂತ ಹೂವಿನೊಳಗೇ ಗುಂಪುಗುಂಪಾಗಿ ಕೂರುತ್ತದೆ. ಆದ್ದರಿಂದ ಎಲೆಯನ್ನು ನೋಡಿ ಸುಮ್ಮನಾಗದೆ ಒಂದೆರಡು ಹೂವುಗಳನ್ನೂ ಬಿಡಿಸಿ ನೋಡಿ. ಮುಂದಿನ ಬಾರಿ ಸಸಿ ಹಾಕುವಾಗ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತೇಜಸ್ವಿ, ಅರ್ಕಾ ಸಾನ್ವಿಯಂಥ ನಂಜು ನಿರೋಧಕ ಮಿಶ್ರತಳಿಗಳನ್ನು ಹುಡುಕಿ.

ಉತ್ತರ (ಶಿವಮೊಗ್ಗ)

ಔಷಧಿಯ ಚರ್ಚೆಯ ನಡುವೆ ಗೊಬ್ಬರದ ಮಾತನ್ನು ಯಾರೂ ಎತ್ತಲಿಲ್ಲ. ತಾರಸಿ ತೋಟದವರು ಕಡಲೆಕಾಯಿ ಹಿಂಡಿಯನ್ನು ಕೊಳೆಸಿದ ನೀರನ್ನು ಬಹಳ ಧಾರಾಳವಾಗಿ ಹಾಕುತ್ತಾರೆ. ಸಾರಜನಕ ಹೆಚ್ಚಾದರೆ ಕುಡಿಗಳು ಎಳಸಾಗಿ, ರಸಭರಿತವಾಗಿ ಚಿಗುರುತ್ತವೆ; ರಸ ಹೀರುವ ಕೀಟಗಳಿಗೆ ಬೇಕಾದದ್ದೂ ಅದೇ. ಹಿಂಡಿ ನೀರನ್ನು ಸದ್ಯಕ್ಕೆ ನಿಲ್ಲಿಸಿ, ಮುದುರಿದ ಕುಡಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಹೊರಗೆ ಹಾಕಿ. ಗಂಧಕದ ಸರದಿ ಆಮೇಲೆ ಬರಲಿ. ಹುಳಿ ಮಜ್ಜಿಗೆಯಿಂದ ಮುಟುರು ವಾಸಿಯಾದದ್ದನ್ನು ನಾನಂತೂ ಕಂಡಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಕಾಗದ ಹಿಡಿದು ತಟ್ಟಿದೆ, ಹೂವನ್ನೂ ಬಿಡಿಸಿದೆ, ಏನೂ ಓಡಾಡಲಿಲ್ಲ. ಹೆಚ್ಚಿನ ಗಿಡಗಳಲ್ಲಿ ಎಲೆಗಳು ಕೆಳಕ್ಕೆ ಬಾಗಿವೆ, ತೊಟ್ಟು ಉದ್ದವಾಗಿದೆ. ಟೊಮೆಟೊ ಕುಂಡದ ಪಕ್ಕದ ಒಂದು ಗಿಡ ಮಾತ್ರ ಕುಳ್ಳಗೆ ಪೊದೆಗಟ್ಟಿದೆ, ನರಗಳೂ ಉಬ್ಬಿವೆ. ಅದನ್ನು ಇಂದೇ ಕೀಳುತ್ತೇನೆ. ಆ ಕುಂಡದ ಮಣ್ಣನ್ನು ಮತ್ತೆ ಬಳಸಬಹುದೇ? ಗಿಡಗಳಲ್ಲಿ ಈಗಿರುವ ಕಾಯಿಗಳನ್ನು ಅಡುಗೆಗೆ ಬಳಸಬಹುದೇ?

ಉತ್ತರ (ಬೆಂಗಳೂರು)

ಮಣ್ಣನ್ನು ಎಸೆಯಬೇಕಾಗಿಲ್ಲ. ಬಿಳಿ ನೊಣ ಹರಡುವ ಈ ನಂಜು ಬದುಕಿರುವ ಗಿಡದಲ್ಲಿ ಉಳಿಯುತ್ತದೆಯೇ ಹೊರತು ಮಣ್ಣಿನ ಮೂಲಕ ಹರಡುವುದಿಲ್ಲ. ಥ್ರಿಪ್ಸ್ ಇದ್ದಿದ್ದರೆ ಅದರ ಕೋಶಗಳು ಮಣ್ಣಿನಲ್ಲಿರುತ್ತವೆಂದು ಬಿಸಿಲಿಗೆ ಹರಡಿ ಒಣಗಿಸಲು ಹೇಳುತ್ತಿದ್ದೆ. ನಿಮಗೆ ಅದೂ ಬೇಕಾಗಿಲ್ಲ. ಸ್ವಲ್ಪ ಹೊಸ ಎರೆಗೊಬ್ಬರ ಬೆರೆಸಿ ಒಂದು ಸರದಿ ಮೆಂತ್ಯ ಅಥವಾ ಕೊತ್ತಂಬರಿ ಬಿತ್ತಿ. ಟೊಮೆಟೊ ಎಲೆಗಳ ಕೆಳಗೆ ಬಿಳಿ ನೊಣವಿದೆಯೇ ಎಂದು ಇವತ್ತೇ ನೋಡಿ. ನೊಣ ಅಲ್ಲಿಂದಲೇ ಬಂದಿರುವ ಸಾಧ್ಯತೆ ಹೆಚ್ಚು.

ಕಾಯಿಯ ವಿಷಯದಲ್ಲಿ ರಾಜಿ ಬೇಡ. ಇಮಿಡಾಕ್ಲೋಪ್ರಿಡ್ ಗಿಡದ ಒಳಗೆ ಸೇರಿ ಹರಿಯುವ ಔಷಧಿ, ಕಾಯಿಯನ್ನು ತೊಳೆದರೆ ಹೋಗುವಂಥದ್ದಲ್ಲ. ಮೆಣಸಿನ ಬೆಳೆಗೆ ಅದನ್ನು ಸಿಂಪಡಿಸಿದರೆ ಕೊಯ್ಲಿಗೆ 40 ದಿನ ಕಾಯಬೇಕೆಂಬ ನಿಯಮವಿದೆ. ಈಗಿರುವ ಕಾಯಿಗಳನ್ನು ಕಿತ್ತು ಹಾಕಿ, ಅಲ್ಲಿಯವರೆಗೆ ಮೆಣಸಿನಕಾಯಿಯನ್ನು ಸಂತೆಯಿಂದಲೇ ತನ್ನಿ.